ತಾಯಿ ಕಾರ್ಡ್ ಗರ್ಭಿಣಿಗೇ ಅರ್ಥವಾಗುವಂತೆ ಮಾಡುವುದು ಹೇಗೆ? ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೂ ಮನೆಯವರಿಗೂ ಸಮಗ್ರ ಮಾರ್ಗದರ್ಶಿ

ತಾಯಿ ಕಾರ್ಡ್ (ಗರ್ಭಿಣಿಯ ತಪಾಸಣೆಗಳನ್ನು ಬರೆದಿಡುವ ಸರ್ಕಾರಿ ಕಾರ್ಡ್) ಕೊಟ್ಟಾಗಿದೆ, ಮಾತ್ರೆ ಕೊಟ್ಟಾಗಿದೆ, ಅಪಾಯದ ಲಕ್ಷಣಗಳನ್ನು ಓದಿ ಹೇಳಿಯೂ ಆಗಿದೆ. ಆದರೂ ಎಂಟನೇ ತಿಂಗಳಲ್ಲಿ ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 8 ದಾಟಿಲ್ಲ, ಮಾತ್ರೆಯ ಪಟ್ಟಿಗಳು (ಸ್ಟ್ರಿಪ್ಪುಗಳು) ಟ್ರಂಕಿನಲ್ಲಿ ಹಾಗೇ ಇವೆ, ಎರಡು ದಿನದಿಂದ ತಲೆ ಸಿಡಿಯುತ್ತಿದ್ದರೂ ಆಕೆ ಯಾರಿಗೂ ಹೇಳಿಲ್ಲ. ಹಳ್ಳಿ, ತಾಂಡಾ, ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡು, ಎಲ್ಲ ಕಡೆಯೂ ಇದೇ ಗೋಳು.

ಎಲ್ಲವನ್ನೂ ಒಂದೇ ಸಲ ಹೇಳಿ, ಆಕೆ ತಲೆಯಾಡಿಸಿದ ಕೂಡಲೇ ಎದ್ದು ಬರುವುದೇ ಇದಕ್ಕೆ ಮುಖ್ಯ ಕಾರಣ. ತಲೆಯಾಡಿಸುವುದು ಮರ್ಯಾದೆಗೆ. ಗೊತ್ತಾಗಿದೆಯೇ ಎಂದು ತಿಳಿಯಬೇಕಾದರೆ ಆಕೆಯೇ ಹೇಳಬೇಕು, ಆಕೆಯೇ ಕೈಯಿಟ್ಟು ತೋರಿಸಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ, ಒಂದು ಭೇಟಿಗೆ ಒಂದು ಅಥವಾ ಎರಡರಂತೆ ಮಾಡಿ. ಒಂದು ವಿಷಯಕ್ಕೆ ಮಾತ್ರ ಕ್ರಮ ಅನ್ವಯಿಸುವುದಿಲ್ಲ: ಹಂತ 5ರ ಅಪಾಯದ ಲಕ್ಷಣಗಳಲ್ಲಿ ರಕ್ತಸ್ರಾವ, ಫಿಟ್ಸ್, ತೀವ್ರ ತಲೆನೋವು ಈ ಮೂರನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ.

## ಕೈಯಲ್ಲಿ ಏನಿರಬೇಕು

ಆಕೆಯದೇ ತಾಯಿ ಕಾರ್ಡ್, ಹಬ್ಬ ಮತ್ತು ಅಮಾವಾಸ್ಯೆ ಇರುವ ಗೋಡೆ ಕ್ಯಾಲೆಂಡರ್, ಕೆಂಪು ಪೆನ್ನು, ಆಕೆಗೆ ಕೊಟ್ಟಿರುವ ಮಾತ್ರೆಗಳ ಸ್ಟ್ರಿಪ್ಪುಗಳು, ಹತ್ತು ಅವರೆಕಾಳು, ಮನೆಯಲ್ಲಿ ಎಲ್ಲರಿಗೂ ಸಿಗುವಂಥ ಒಂದು ಫೋನು. ಇಷ್ಟೇ. ಬಣ್ಣದ ಚಿತ್ರಪಟ ಇದ್ದರೆ ಒಳ್ಳೆಯದು, ಆದರೆ ಚಿತ್ರದ ಮಾತ್ರೆಗಿಂತ ಆಕೆಯ ಕೈಯಲ್ಲಿರುವ ಮಾತ್ರೆ ಬೇಗ ಮನಸ್ಸಿನಲ್ಲಿ ನಿಲ್ಲುತ್ತದೆ. ಒಂದು ಭೇಟಿಗೆ ಇಪ್ಪತ್ತು ನಿಮಿಷ ಬೇಕು. ಐದು ನಿಮಿಷ ಮಾತ್ರ ಇದ್ದರೆ ಒಂದೇ ವಿಷಯ ಹೇಳಿ ಬನ್ನಿ.

## ಹಂತ 1: ಹೇಳುವ ಮೊದಲು ಕೇಳಿ

ಕೂಲಿಯಿಂದ ಬಂದು ಒಲೆ ಹಚ್ಚುವ ಹೊತ್ತಿಗೆ ಹೋಗಬೇಡಿ. ಆಕೆಗೆ ಯಾವ ಹೊತ್ತು ಬಿಡುವು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಮೊದಲ ಐದು ನಿಮಿಷ ಆಕೆಯೊಬ್ಬಳೇ ಇರಲಿ, ಆಮೇಲೆ ಅತ್ತೆಯನ್ನೂ ಗಂಡನನ್ನೂ ಕರೆಯಿರಿ. ಪೂರ್ತಿ ಹೊತ್ತು ಅತ್ತೆಯ ಎದುರಿಗೇ ಮಾತಾಡಿದರೆ ಬಿಳುಪು ಹೋಗುವುದು, ಉರಿಮೂತ್ರ, ಹೊಡೆತ, ಹಸಿವು ಇವು ಯಾವುವೂ ಬಾಯಿಗೆ ಬರುವುದಿಲ್ಲ. ಅತ್ತೆಯನ್ನು ಪೂರ್ತಿ ಹೊರಗಿಟ್ಟರೆ ನೀವು ಹೇಳಿದ್ದು ಸಂಜೆಯೊಳಗೆ ರದ್ದಾಗುತ್ತದೆ.

ಭಾಷೆ ನೋಡಿ. ಮನೆಮಾತು ಲಂಬಾಣಿ, ಉರ್ದು, ತೆಲುಗು, ಮರಾಠಿ ಅಥವಾ ತುಳುವಾಗಿದ್ದರೆ ಸಂತೆಯ ಕನ್ನಡ ಬರುತ್ತದೆ ಎಂಬ ಕಾರಣಕ್ಕೆ ಎಲ್ಲವೂ ತಿಳಿಯಿತು ಎಂದುಕೊಳ್ಳಬೇಡಿ. ಅದೇ ಓಣಿಯ, ಹೆತ್ತು ಅನುಭವವಿರುವ ಹೆಂಗಸೊಬ್ಬಳನ್ನು ಜೊತೆಗೆ ಕೂರಿಸಿಕೊಳ್ಳಿ. ಮನೆಯ ಚಿಕ್ಕ ಮಕ್ಕಳಿಂದ ಅನುವಾದ ಮಾಡಿಸಬೇಡಿ. ಮುಜುಗರದ ಮಾತುಗಳು ಅಲ್ಲಿಯೇ ಕಳೆದುಹೋಗುತ್ತವೆ.

"ಓದೋಕೆ ಬರುತ್ತಾ?" ಎಂದು ಕೇಳಬೇಡಿ. ಬಾರದವಳು ನಾಚಿಕೆಯಿಂದ ಬರುತ್ತದೆ ಎನ್ನುತ್ತಾಳೆ. ಕಾರ್ಡನ್ನು ಕೈಗೆ ಕೊಟ್ಟು "ಇದರಲ್ಲಿ ನಿಂಗೇನೇನು ಗೊತ್ತಾಗುತ್ತೆ, ತೋರಿಸು ತಂಗಿ" ಎನ್ನಿ. ತಿರುಗುಮುರುಗು ಹಿಡಿದರೆ, ಚಿತ್ರಗಳನ್ನಷ್ಟೇ ನೋಡಿದರೆ ನಿಮಗೆ ಉತ್ತರ ಸಿಕ್ಕಿತು. ಓದಲು ಬಂದವರಿಗೂ ಕಾರ್ಡಿನ ಸಂಕ್ಷಿಪ್ತಾಕ್ಷರಗಳು ತಿಳಿಯುತ್ತವೆ ಎಂದೇನಿಲ್ಲ. ಪದವಿ ಮುಗಿಸಿದವರೂ ಬಿಪಿ ಖಾನೆಯನ್ನು ಕಣ್ಣೆತ್ತಿ ನೋಡಿರುವುದಿಲ್ಲ.

## ಹಂತ 2: ದಿನ ಲೆಕ್ಕ

ಕೊನೆಯ ಸಲ ಮುಟ್ಟಾದ ಮೊದಲ ದಿನ ಯಾವುದು ಎಂಬುದೇ ಬುಡ. ತಾರೀಕು ನೆನಪಿಲ್ಲದಿದ್ದರೆ ಹಬ್ಬ, ಜಾತ್ರೆ, ಉರುಸು, ಅಮಾವಾಸ್ಯೆ ಹಿಡಿದು ಕೇಳಿ: "ದೀಪಾವಳಿಗೆ ಮೊದಲೋ, ಆಮೇಲೋ?" ತಾರೀಕು ಸಿಕ್ಕ ಮೇಲೆ ಅದಕ್ಕೆ 9 ತಿಂಗಳು 7 ದಿನ ಸೇರಿಸಿ. ಅಕ್ಟೋಬರ್ 20 ಆಗಿದ್ದರೆ ಹೆರಿಗೆಯ ಅಂದಾಜು ದಿನ ಜುಲೈ 27. ಕ್ಯಾಲೆಂಡರಿನಲ್ಲಿ ಆಕೆಯ ಕೈಯಿಂದಲೇ ಅದಕ್ಕೆ ಸುತ್ತು ಹಾಕಿಸಿ.

ಇಲ್ಲಿ ಆಗುವ ತಪ್ಪು ಒಂದೇ, ಆದರೆ ದೊಡ್ಡದು. ಅನೇಕ ಮನೆಗಳಲ್ಲಿ ಮುಟ್ಟು ನಿಂತ ತಿಂಗಳಿಂದ ಎಣಿಸುತ್ತಾರೆ, ಆಸ್ಪತ್ರೆಯಲ್ಲಿ ಕೊನೆಯ ಮುಟ್ಟಿನಿಂದ ಎಣಿಸುತ್ತಾರೆ. ಇಬ್ಬರ ಲೆಕ್ಕಕ್ಕೂ ಸುಮಾರು ಒಂದು ತಿಂಗಳ ಅಂತರ. ಹೀಗಾಗಿ ದಿನ ತುಂಬಿದವಳಿಗೆ ನೋವು ಬಂದರೂ "ಇನ್ನೂ ಎಂಟು ತಿಂಗಳು, ಸುಳ್ಳು ನೋವು" ಎಂದು ಮನೆಯಲ್ಲೇ ಕೂರಿಸುತ್ತಾರೆ. ಎರಡೂ ಲೆಕ್ಕವನ್ನು ಅತ್ತೆಯ ಎದುರಿಗೇ ಹೇಳಿ, ಆಸ್ಪತ್ರೆಯ ಲೆಕ್ಕವನ್ನೇ ಕಾರ್ಡಿನಲ್ಲಿ ಉಳಿಸಿ. ಮುಟ್ಟು ಏರುಪೇರಿದ್ದರೆ ಅಥವಾ ತಾರೀಕು ನೆನಪಿಲ್ಲದಿದ್ದರೆ ಮೊದಲ ಸ್ಕ್ಯಾನಿನ ದಿನಾಂಕವೇ ಆಧಾರ; ಆಮೇಲಿನ ಸ್ಕ್ಯಾನುಗಳಲ್ಲಿ ಬೇರೆ ತಾರೀಕು ಬಂದರೆ ಅದನ್ನು ನೀವೇ ತಿದ್ದಬೇಡಿ, ವೈದ್ಯರನ್ನು ಕೇಳಿ.

ಅದೇ ಕ್ಯಾಲೆಂಡರಿನಲ್ಲಿ ನಾಲ್ಕು ತಪಾಸಣೆಗಳನ್ನು ಗುರುತಿಸಿ: 12 ವಾರದೊಳಗೆ, 14ರಿಂದ 26 ವಾರದ ನಡುವೆ, 28ರಿಂದ 34 ವಾರದ ನಡುವೆ, 36 ವಾರದ ಮೇಲೆ. ಇವು ಕನಿಷ್ಠ. ತಿಂಗಳಿಗೊಮ್ಮೆ ಹೋದರೆ ಇನ್ನೂ ಒಳ್ಳೆಯದು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆಂದೇ ಉಚಿತ ತಪಾಸಣೆ ಇರುವುದರಿಂದ ಆ ದಿನಕ್ಕೆ ಕೆಂಪು ಗುರುತು ಹಾಕಿದರೆ ನೆನಪಿಡುವುದು ಸುಲಭ.

## ಹಂತ 3: ಕಾರ್ಡಿನ ಮೂರು ಸಂಖ್ಯೆ

ಕಾರ್ಡಿನ ಎಲ್ಲ ಖಾನೆಗಳನ್ನೂ ಕಲಿಸಲು ಹೋಗಬೇಡಿ. ಎಚ್‌ಬಿ, ಬಿಪಿ, ತೂಕ, ಈ ಮೂರರ ಸುತ್ತ ಕೆಂಪು ಪೆನ್ನಿನಿಂದ ಚೌಕ ಹಾಕಿ.

ಎಚ್‌ಬಿ. 11 ಅಥವಾ ಮೇಲಿದ್ದರೆ ಸರಿ. 10ರಿಂದ 10.9 ಅಲ್ಪ ರಕ್ತಹೀನತೆ, 7ರಿಂದ 9.9 ಮಧ್ಯಮ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ. 7ಕ್ಕಿಂತ ಕಡಿಮೆ ಇದ್ದವಳನ್ನು ಮಾತ್ರೆ ಕೊಟ್ಟು ಮನೆಗೆ ಕಳಿಸುವ ಹಾಗಿಲ್ಲ. ವೈದ್ಯರು ನೋಡಬೇಕು, ಡ್ರಿಪ್ಪಿನಲ್ಲಿ ಕಬ್ಬಿಣಾಂಶ ಅಥವಾ ರಕ್ತ ಬೇಕಾಗಬಹುದು. "ನಿಂಗೆ ರಕ್ತ ಕಡಿಮೆ ಇದೆ" ಎಂದಷ್ಟೇ ಹೇಳಿದರೆ ಅನೇಕರು ಮೈಯಲ್ಲಿನ ರಕ್ತದ ಅಳತೆಯೇ ಇಳಿದಿದೆ ಎಂದುಕೊಂಡು, "ಇರೋದನ್ನೂ ಪರೀಕ್ಷೆಗೆ ತೆಗೀತಾರೆ" ಎಂದು ಹೆದರಿ ಮುಂದಿನ ತಪಾಸಣೆ ತಪ್ಪಿಸುತ್ತಾರೆ. ರಕ್ತದಲ್ಲಿ ಕಬ್ಬಿಣದ ಸತ್ವ ಕಡಿಮೆಯಾಗಿದೆ, ಅದಕ್ಕೇ ಸುಸ್ತು, ಏದುಸಿರು ಎಂದು ಬಿಡಿಸಿ ಹೇಳಿ. ಪರೀಕ್ಷೆಗೆ ತೆಗೆಯುವ 2 ಮಿ.ಲೀ. ರಕ್ತವೆಂದರೆ ಅರ್ಧ ಟೀ ಚಮಚವೂ ಅಲ್ಲ ಎಂದು ಚಮಚ ಹಿಡಿದು ತೋರಿಸಿ.

ಬಿಪಿ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರಿಕೆ. ಮೇಲಿನದು, ಕೆಳಗಿನದು ಯಾವುದೊಂದು ಮುಟ್ಟಿದರೂ ಸಾಕು. 160/110 ಮುಟ್ಟಿದರೆ ಆ ಕ್ಷಣವೇ ಆಸ್ಪತ್ರೆ. "ಹೋದ್ಸಲ ನಾರ್ಮಲ್ ಅಂದ್ರು" ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ. ಐದು ತಿಂಗಳ ಮೇಲೆ ಬಿಪಿ ಯಾವಾಗ ಬೇಕಾದರೂ ಏರಬಹುದು, ಏರಿದ್ದು ಮೈಗೆ ಗೊತ್ತೇ ಆಗದಿರಬಹುದು. ಆದ್ದರಿಂದ ತಪಾಸಣೆಗೆ ಹೋದ ಪ್ರತಿ ಸಲವೂ ಆ ಖಾನೆ ತುಂಬಿರಬೇಕು. ಖಾಲಿ ಇದ್ದರೆ "ಸಿಸ್ಟರ್, ಬಿಪಿ ನೋಡಿ ಬರೀರಿ" ಎಂದು ಕೇಳುವುದನ್ನು ಆಕೆಯಿಂದ ಎರಡು ಸಲ ಬಾಯಿಬಿಟ್ಟು ಹೇಳಿಸಿ. ಬಿಳಿ ಕೋಟು ಕಂಡರೆ ದನಿ ಏಳದವರಿಗೆ ಈ ಅಭ್ಯಾಸ ಬೇಕೇ ಬೇಕು.

ತೂಕ. ಇಡೀ ಬಸುರಿನಲ್ಲಿ 9ರಿಂದ 11 ಕೆ.ಜಿ. ಏರಬೇಕು. ಮೊದಲ ಮೂರು ತಿಂಗಳಾದ ಮೇಲೆ ತಿಂಗಳಿಗೆ ಹೆಚ್ಚುಕಡಿಮೆ 2 ಕೆ.ಜಿ. ಒಂದು ತಿಂಗಳು ಏರದಿದ್ದರೆ ಊಟ ವಿಚಾರಿಸಿ. ಒಂದೇ ವಾರದಲ್ಲಿ ದಿಢೀರನೆ ಏರಿದರೆ ಅದು ಊಟದಿಂದ ಬಂದದ್ದಲ್ಲದಿರಬಹುದು, ಮೈಯಲ್ಲಿ ನೀರು ತುಂಬಿರಬಹುದು, ಬಿಪಿ ನೋಡಿಸಿ.

ಸಕ್ಕರೆ ಪರೀಕ್ಷೆಯ ಬಗ್ಗೆ ಒಂದು ಮಾತು. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕುಡಿಸಿ, ಸರಿಯಾಗಿ ಎರಡು ಗಂಟೆಗೆ ರಕ್ತ ತೆಗೆಯುತ್ತಾರೆ. 140 ಅಥವಾ ಹೆಚ್ಚಿದ್ದರೆ ಗರ್ಭಿಣಿ ಸಕ್ಕರೆ ಕಾಯಿಲೆ. ಎರಡು ಗಂಟೆ ಕೂರಬೇಕೆಂದು ಮೊದಲೇ ಹೇಳದ ಕಾರಣ ಗ್ಲೂಕೋಸ್ ಕುಡಿದು ಬಸ್ಸು ಹತ್ತಿದವರು ಎಷ್ಟೋ ಮಂದಿ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಮತ್ತೆ ಮಾಡಿಸಬೇಕು. ಈ ಪರೀಕ್ಷೆ ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ.

## ಹಂತ 4: ಮಾತ್ರೆ ಹೊಟ್ಟೆಗೆ ಸೇರುವಂತೆ ಮಾಡುವುದು

ಹೆಚ್ಚು ಮಂದಿ ಸೋಲುವುದು ಇಲ್ಲೇ. ಮಾತ್ರೆ ಹಂಚಿದ ಲೆಕ್ಕ ರಿಜಿಸ್ಟರಿನಲ್ಲಿ ಇರುತ್ತದೆ, ನುಂಗಿದ ಲೆಕ್ಕ ಎಲ್ಲಿಯೂ ಇರುವುದಿಲ್ಲ.

ಮೊದಲು ಕಬ್ಬಿಣದ್ದು, ಕ್ಯಾಲ್ಸಿಯಂನದು ಎರಡು ಪಟ್ಟಿಗಳನ್ನು ನೆಲದ ಮೇಲಿಟ್ಟು ಬೇರೆ ಬೇರೆ ಗುರುತಿಸಲು ಹೇಳಿ. ಸರ್ಕಾರದಿಂದ ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಮೊದಲ ಮೂರು ತಿಂಗಳು ಬರೀ ಫೋಲಿಕ್ ಆಮ್ಲ. ನಾಲ್ಕನೇ ತಿಂಗಳಿಂದ ಕೆಂಪು ಮಾತ್ರೆ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಎಚ್‌ಬಿ 11ಕ್ಕಿಂತ ಕೆಳಗಿದ್ದರೆ ವೈದ್ಯರು ದಿನಕ್ಕೆ ಎರಡು ಹೇಳುತ್ತಾರೆ. ಕ್ಯಾಲ್ಸಿಯಂ 500 ಮಿ.ಗ್ರಾಂನದು ದಿನಕ್ಕೆ ಎರಡು, 14 ವಾರದಿಂದ ಶುರುವಾಗಿ ಹೆರಿಗೆಯ ಆರು ತಿಂಗಳವರೆಗೆ. ಜಂತುಹುಳುವಿಗೆ ಅಲ್ಬೆಂಡಜೋಲ್ 400 ಮಿ.ಗ್ರಾಂ ಒಂದೇ ಸಲ, ಮೂರು ತಿಂಗಳು ಕಳೆದ ಮೇಲೆ.

ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕನಿಷ್ಠ ಎರಡು ಗಂಟೆ ಅಂತರ ಬೇಕು. ಗಡಿಯಾರ ನೋಡದವರಿಗೆ ಊಟದ ಹೊತ್ತಿಗೆ ಕಟ್ಟಿಕೊಡಿ:

- ಬೆಳಗಿನ ತಿಂಡಿ ಆದ ಕೂಡಲೇ ಕ್ಯಾಲ್ಸಿಯಂ
- ಮಧ್ಯಾಹ್ನದ ಊಟ ಆದ ಕೂಡಲೇ ಕ್ಯಾಲ್ಸಿಯಂ
- ರಾತ್ರಿ ಊಟವಾಗಿ ಒಂದು ಗಂಟೆಯ ಮೇಲೆ, ಮಲಗುವ ಮುಂಚೆ ಕಬ್ಬಿಣದ ಕೆಂಪು ಮಾತ್ರೆ

ಎರಡು ಕೆಂಪು ಮಾತ್ರೆ ಹೇಳಿದ್ದರೆ ಎರಡನೆಯದನ್ನು ಯಾವ ಹೊತ್ತಿಗೆ ಎಂದು ಸಿಸ್ಟರ್ ಹತ್ತಿರ ನಿಗದಿ ಮಾಡಿಸಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೂ ಈ ಎರಡಕ್ಕೂ ನಾಲ್ಕು ಗಂಟೆ ಅಂತರ ಇಡಬೇಕು. ಕೆಂಪು ಮಾತ್ರೆಯ ಹಿಂದುಮುಂದು ಒಂದು ಗಂಟೆ ಚಹಾ, ಕಾಫಿ, ಹಾಲು ಬೇಡ. ನಿಂಬೆಹಣ್ಣಿನ ನೀರು, ನೆಲ್ಲಿಕಾಯಿ, ಪೇರಲೆ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಮಾತ್ರೆ ಬಿಡಲು ಇರುವ ಕಾರಣಗಳನ್ನು ಆಕೆ ಹೇಳುವ ಮುಂಚೆ ನೀವೇ ಎತ್ತಿ. ಮಲ ಕಪ್ಪಾಗುತ್ತದೆ, ಅದು ಮಾತ್ರೆಯ ಬಣ್ಣ, ಕೆಟ್ಟದ್ದಲ್ಲ. ಹೊಟ್ಟೆ ತೊಳಸುತ್ತದೆ, ರಾತ್ರಿ ತೆಗೆದುಕೊಂಡರೆ ನಿದ್ದೆಯಲ್ಲಿ ಕಳೆಯುತ್ತದೆ. ಮಲಬದ್ಧತೆ ಬರಬಹುದು, ನೀರು, ಸೊಪ್ಪು, ಹಣ್ಣು ಹೆಚ್ಚಿಸಬೇಕು. ಎರಡು ವಾರ ಕಳೆದರೂ ತಡೆಯಲಾಗದಿದ್ದರೆ ತಾನೇ ನಿಲ್ಲಿಸದೆ ಬಂದು ಹೇಳಬೇಕು, ಬೇರೆ ಬಗೆಯ ಮಾತ್ರೆ ಇದೆ. ಮಗು ಕಪ್ಪಾಗುತ್ತದೆ ಎಂಬ ಭಯಕ್ಕೆ ನೇರವಾಗಿ ಉತ್ತರಿಸಿ: ಮಗುವಿನ ಬಣ್ಣ ತಂದೆತಾಯಿಯಿಂದ ಬರುತ್ತದೆ, ಮಾತ್ರೆಯಿಂದ ಬರುವುದಿಲ್ಲ. ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬುದು ಸಾಮಾನ್ಯವಾಗಿ ಅತ್ತೆಯ ಆತಂಕ. ಅದನ್ನು ಅತ್ತೆಗೇ ಹೇಳಿ: ರಕ್ತಹೀನತೆ ಇರುವವಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಕುತ್ತು ಬರುತ್ತದೆ.

ಬಳಪ, ಕೆಮ್ಮಣ್ಣು, ಹಸಿ ಅಕ್ಕಿ ತಿನ್ನುವ ಆಸೆ ಇದೆಯೇ ಎಂದು ಮೆಲ್ಲಗೆ ಕೇಳಿ. ಬಯಕೆ ಎಂದು ಮನೆಯವರು ನಕ್ಕು ಬಿಡುತ್ತಾರೆ. ಅನೇಕ ಸಲ ಅದು ಕಬ್ಬಿಣಾಂಶದ ಕೊರತೆಯ ಗುರುತು.

ಇನ್ನೊಂದು ಎಚ್ಚರಿಕೆ, ಇದನ್ನು ಯಾವತ್ತೂ ಬಿಡಬೇಡಿ. ಸಕ್ಕರೆ ಲೇಪದ ಕೆಂಪು ಮಾತ್ರೆ ಚಿಕ್ಕ ಮಕ್ಕಳಿಗೆ ಪೆಪ್ಪರಮಿಂಟಿನಂತೆ ಕಾಣುತ್ತದೆ. ಹಲವು ಮಾತ್ರೆ ತಿಂದರೆ ಮಗುವಿನ ಜೀವಕ್ಕೆ ಅಪಾಯ. ಕೈಗೆಟುಕದ ಎತ್ತರದಲ್ಲಿ ಇಡಲಿ; ತಿಂದುಬಿಟ್ಟರೆ ವಾಂತಿ ಬರಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ರಕ್ತಹೀನತೆ ಇದ್ದವಳಿಗೆ ಮಾತ್ರೆ ಶುರುಮಾಡಿದ ತಿಂಗಳ ಮೇಲೆ ಎಚ್‌ಬಿ 1ರಷ್ಟಾದರೂ ಏರಿರಬೇಕು. ಮಾತ್ರೆ ಸರಿಯಾಗಿ ತೆಗೆದುಕೊಂಡೂ ಏರದಿದ್ದರೆ ಇನ್ನಷ್ಟು ಉಪದೇಶ ಬೇಡ, ವೈದ್ಯರ ಹತ್ತಿರ ಕಳಿಸಿ. ಕಾರಣ ಬೇರೆ ಇರಬಹುದು.

## ಹಂತ 5: ಅಪಾಯದ ಲಕ್ಷಣ, ಜೊತೆಗೆ ಮಾಡಬೇಕಾದ ಕೆಲಸ

ಹನ್ನೆರಡು ಲಕ್ಷಣಗಳ ಪಟ್ಟಿ ಒಪ್ಪಿಸಿದರೆ ಒಂದೂ ನೆನಪಿರುವುದಿಲ್ಲ. ಎರಡೇ ಗುಂಪು ಮಾಡಿ.

ತಕ್ಷಣ 108: ರಕ್ತ ಹೋಗುವುದು (ನೋವಿಲ್ಲದಿದ್ದರೂ), ಫಿಟ್ಸ್, ತಡೆಯಲಾಗದ ತಲೆನೋವು ಅಥವಾ ಕಣ್ಣು ಮಂಜಾಗುವುದು, ಕೂತಲ್ಲೇ ಏದುಸಿರು, ಬಿಡದ ತೀವ್ರ ಹೊಟ್ಟೆನೋವು, ಪ್ರಜ್ಞೆ ತಪ್ಪುವುದು.

ಅದೇ ದಿನ ಆಸ್ಪತ್ರೆ, ನಾಳೆಗೆ ಬೇಡ: ನೀರು ಹೋಗುವುದು, ಮಗುವಿನ ಓಡಾಟ ಕಡಿಮೆಯಾಗುವುದು, ಮುಖ ಮತ್ತು ಕೈ ಊದುವುದು, ಜ್ವರ, ನೀರೂ ನಿಲ್ಲದಷ್ಟು ವಾಂತಿ.

ಪ್ರತಿಯೊಂದನ್ನೂ ಅವರು ಆಡುವ ಮಾತಿನಲ್ಲೇ ಹೇಳಿ. ಸಂಜೆ ಕಾಲು ಊದುವುದು ಅನೇಕರಿಗೆ ಇರುತ್ತದೆ. ಬೆಳಿಗ್ಗೆ ಎದ್ದಾಗಲೇ ಮುಖ ಊದಿದ್ದರೆ, ನಿನ್ನೆ ಸಡಿಲವಿದ್ದ ಬಳೆ ಇವತ್ತು ಬಿಗಿಯಾದರೆ ಬಿಪಿ ನೋಡಿಸಬೇಕು. ಸೀಮಂತದ ಬಳೆ ತೊಟ್ಟವರಿಗೆ ಈ ಗುರುತು ಚೆನ್ನಾಗಿ ಹಿಡಿಯುತ್ತದೆ. ಫಿಟ್ಸ್ ಬಂದಾಗ ಗಾಳಿ ಸೋಕಿದೆ ಎಂದು ದೇವಸ್ಥಾನಕ್ಕೋ ದರ್ಗಾಕ್ಕೋ ಕರೆದೊಯ್ಯುವ ಮನೆಗಳಿವೆ. ನಂಬಿಕೆಯೊಂದಿಗೆ ಜಗಳಕ್ಕಿಳಿಯಬೇಡಿ: "ಹರಕೆ ಕಟ್ಟಿಕೊಳ್ಳಿ, ಆದರೆ ಗಾಡಿ ಮೊದಲು ಆಸ್ಪತ್ರೆಗೆ ಹೋಗಲಿ" ಎನ್ನಿ. ಫಿಟ್ಸ್ ಬಂದವಳನ್ನು ಎಡಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಚಮಚ, ನೀರು ಏನೂ ಹಾಕಬಾರದು.

ಮಗುವಿನ ಓಡಾಟ ಎಣಿಸುವುದನ್ನು 28 ವಾರದಿಂದ ಕಲಿಸಿ. ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ, ಮಗು ಒದ್ದಾಗ, ಹೊರಳಿದಾಗ ಒಂದೊಂದು ಅವರೆಕಾಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕಲಿ. ಎರಡು ಗಂಟೆಯೊಳಗೆ ಹತ್ತೂ ಕಾಳು ದಾಟಬೇಕು. ದಾಟದಿದ್ದರೆ, ಅಥವಾ ದಾಟಿದರೂ ದಿನದಂತೆ ಇಲ್ಲ ಎಂದು ಆಕೆಗೆ ಅನಿಸಿದರೆ, ಹೋಗಬೇಕು. ದಿನ ಹತ್ತಿರವಾದಾಗ ಮಗು ಸುಮ್ಮನಾಗುತ್ತದೆ ಎಂಬ ಮಾತು ತಪ್ಪು.

ಈಗ ಪರೀಕ್ಷೆ. "ಅರ್ಥ ಆಯ್ತಾ?" ಎಂದು ಕೇಳಿದರೆ "ಹ್ಞೂಂ ಅಕ್ಕಾ" ಎಂದಷ್ಟೇ ಬರುತ್ತದೆ. ಹೀಗೆ ಕೇಳಿ: "ನಾನು ಸರಿಯಾಗಿ ಹೇಳಿದೀನೋ ಇಲ್ವೋ ನೋಡ್ಬೇಕು. ಇದನ್ನ ನಿನ್ನ ಗಂಡನಿಗೆ ಹೇಗೆ ಹೇಳ್ತೀಯ?" ತಪ್ಪಾದರೆ ತಪ್ಪು ನಿಮ್ಮ ಹೇಳಿಕೆಯದು, ಅದೇ ವಾಕ್ಯವನ್ನು ಜೋರಾಗಿ ಮತ್ತೆ ಹೇಳಬೇಡಿ, ಬೇರೆ ರೀತಿಯಲ್ಲಿ ಹೇಳಿ. ಆಮೇಲೆ ಒಂದು ಸನ್ನಿವೇಶ ಕೊಡಿ: "ರಾತ್ರಿ ಹನ್ನೊಂದು ಗಂಟೆ, ಗಂಡ ಊರಲ್ಲಿಲ್ಲ, ಬಟ್ಟೆ ಒದ್ದೆಯಾಗುವಷ್ಟು ರಕ್ತ ಹೋಗ್ತಿದೆ. ಮೊದಲು ಏನ್ ಮಾಡ್ತೀಯ?" "ಅತ್ತೇನ ಕೇಳ್ತೀನಿ" ಎಂಬ ಉತ್ತರ ಬಂದರೆ ಮುಂದಿನ ಹಂತವನ್ನು ಅತ್ತೆಯ ಜೊತೆಗೇ ಮಾಡಿ.

## ಹಂತ 6: ಫೋನು, ಗಾಡಿ, ಗಂಡನ ಒಪ್ಪಿಗೆ

108 ಮತ್ತು ನಿಮ್ಮ ನಂಬರನ್ನು ಮನೆಯ ಫೋನಿನಲ್ಲಿ ಉಳಿಸಿ, ಬಾಗಿಲ ಹಿಂದೆ ದೊಡ್ಡದಾಗಿ ಬರೆಯಿರಿ. ಸಲಹೆ ಕೇಳಲು 104 ಆರೋಗ್ಯ ಸಹಾಯವಾಣಿ ಇದೆ. ತುರ್ತಿಗೆ 108 ಮಾತ್ರ. ಕರೆ ಮಾಡದೆ ಮಾತಿನ ಅಭ್ಯಾಸ ಮಾಡಿಸಿ: ಊರು, ತಾಲ್ಲೂಕು, ಗುರುತಿನ ಜಾಗ, ಎಷ್ಟು ತಿಂಗಳು, ಏನಾಗುತ್ತಿದೆ. ಗುರುತಿನ ಜಾಗ ಹೇಳಲಾಗದೆ ಗಾಡಿ ಸುತ್ತಾಡಿ ಹೊತ್ತು ಕಳೆಯುವುದುಂಟು.

ಗಂಡ, ಅತ್ತೆ ಇಬ್ಬರ ಬಾಯಲ್ಲೂ ಒಂದು ಮಾತು ಹೇಳಿಸಬೇಕು: ಮೊದಲ ಗುಂಪಿನ ಲಕ್ಷಣ ಕಂಡರೆ ಯಾರ ಒಪ್ಪಿಗೆಗೂ ಕಾಯದೆ ಹೊರಡಬಹುದು. ದೊಡ್ಡ ಮಗುವನ್ನು ನೋಡಿಕೊಳ್ಳುವವರು, ಜೊತೆಗೆ ಬರುವವರು, ರಕ್ತ ಕೊಡಬಲ್ಲ ಇಬ್ಬರು ಯಾರೆಂದು ಹೆಸರು ಬರೆದಿಡಿ.

## ಹಂತ 7: ತವರಿಗೆ ಹೊರಡುವಾಗ

ಏಳನೇ ತಿಂಗಳ ಶಾಸ್ತ್ರ ಮುಗಿಸಿ ತವರಿಗೆ ಹೋದವಳಿಗೆ ಅಲ್ಲಿನ ಆಶಾ ಯಾರೆಂದು ಗೊತ್ತಿರುವುದಿಲ್ಲ, ಇಲ್ಲಿನವರಿಗೆ ಆಕೆ ಊರಲ್ಲಿಲ್ಲ. ಬಿಪಿ ಏರುವ ಕಾಲದಲ್ಲೇ ತಪಾಸಣೆ ನಿಂತುಹೋಗುತ್ತದೆ. ಹೊರಡುವ ವಾರದಲ್ಲಿ ಮಾಡಬೇಕಾದ್ದು: ಕಾರ್ಡು, ಸ್ಕ್ಯಾನ್, ರಕ್ತದ ಗುಂಪಿನ ಚೀಟಿ ಒಂದೇ ಚೀಲದಲ್ಲಿ, ಹೆರಿಗೆಯವರೆಗೆ ಸಾಕಾಗುವಷ್ಟು ಮಾತ್ರೆ, ತವರಿನ ಆಶಾಗೆ ನಿಮ್ಮಿಂದಲೇ ಒಂದು ಫೋನು, ಕಾರ್ಡಿನ ಪ್ರತಿ ಪುಟದ ಫೋಟೋ ಆಕೆಯ ಮತ್ತು ಗಂಡನ ಫೋನಿನಲ್ಲಿ. ತಾಯಿಗೂ ಎರಡು ಗುಂಪಿನ ಲಕ್ಷಣ ಮತ್ತೆ ಹೇಳಬೇಕು. ಅತ್ತೆಗೆ ಕಲಿಸಿದ್ದು ಅಮ್ಮನಿಗೆ ತಾನಾಗಿ ತಲುಪುವುದಿಲ್ಲ.

ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರಿಗೂ ಇದೇ ಕ್ರಮ. ಬೇರೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲೂ ಅದೇ ಕಾರ್ಡ್ ತೋರಿಸಬಹುದು, ತಪಾಸಣೆ ಮತ್ತು ಹೆರಿಗೆ ಉಚಿತ ಎಂಬುದನ್ನು ಆಕೆಯ ಬಾಯಲ್ಲಿ ಹೇಳಿಸಿ.

## ಹಂತ 8: ಬಾಣಂತನದ ಮಾತು, ಹೆರಿಗೆಗೆ ಮುಂಚೆಯೇ

ಮಗು ಬಂದ ಮೇಲೆ ಎಲ್ಲರ ಕಣ್ಣೂ ಮಗುವಿನ ಮೇಲೆ. ಆದ್ದರಿಂದ ಒಂಬತ್ತನೇ ತಿಂಗಳಲ್ಲೇ ಹೇಳಿ. ಹೆರಿಗೆಯಾದ ಮೇಲೆ 48 ಗಂಟೆ ಆಸ್ಪತ್ರೆಯಲ್ಲೇ ಇರಬೇಕು. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ 108. ಬಿಪಿ, ಫಿಟ್ಸ್ ಹೆರಿಗೆಯ ನಂತರವೂ ಬರಬಹುದು. ತಲೆನೋವನ್ನು ನಿದ್ದೆಗೇಡು ಎಂದು ತಳ್ಳಬೇಡಿ. ಜ್ವರ, ದುರ್ವಾಸನೆಯ ಸ್ರಾವ, ಒಂದೇ ಕಾಲು ಊದಿ ನೋಯುವುದು, ಮಗುವನ್ನು ನೋಡಲೂ ಮನಸ್ಸಿಲ್ಲದಷ್ಟು ಬೇಸರ ಇದ್ದರೂ ತೋರಿಸಬೇಕು.

ಬೆಚ್ಚಗಿಡುವುದು, ಎಣ್ಣೆ ನೀರು ಇವುಗಳಿಗೆ ಅಡ್ಡಿ ಮಾಡಬೇಡಿ. ಆದರೆ ಬಾಣಂತಿಗೆ ನೀರು ಕೊಡದಿರುವುದು, ಸೊಪ್ಪು, ಬೇಳೆ, ಮೊಟ್ಟೆ ಬಿಡಿಸುವುದು ಹಾನಿ. ತಣ್ಣೀರು ಬೇಡವೆಂದರೆ ಕಾಯಿಸಿದ ನೀರು ಕೊಡಲಿ, ಅಲ್ಲಿಗೆ ಇಬ್ಬರ ಮಾತೂ ಉಳಿಯುತ್ತದೆ.

## ಮುಂದಿನ ಭೇಟಿಯಲ್ಲಿ

ಹೊಸದನ್ನು ಹೇಳುವ ಮುಂಚೆ ಮೂರು ಕೆಲಸ: ಖಾಲಿ ಪಟ್ಟಿ ತರಿಸಿ ಉಳಿದ ಮಾತ್ರೆ ಎಣಿಸಿ, ಕಾರ್ಡಿನಲ್ಲಿ ಕೊನೆಯ ಬಿಪಿ ಯಾವುದೆಂದು ಬೆರಳಿಟ್ಟು ತೋರಿಸಲು ಹೇಳಿ, 108ರ ಸನ್ನಿವೇಶವನ್ನು ಮತ್ತೆ ಕೇಳಿ. ಮಾತ್ರೆ ಉಳಿದಿದ್ದರೆ ಬೈಯಬೇಡಿ. ಬೈದರೆ ಮುಂದಿನ ಸಲ ಮಾತ್ರೆಗಳನ್ನು ತಿಪ್ಪೆಗೆಸೆದು ಖಾಲಿ ಪಟ್ಟಿ ತೋರಿಸುತ್ತಾರೆ.

ಎಲ್ಲವನ್ನೂ ಸರಿಯಾಗಿ ಹೇಳುತ್ತಾಳೆ, ಆದರೆ ಮಾಡುವುದಿಲ್ಲ ಎಂದಾದರೆ ತಿಳಿವಳಿಕೆಯ ಕೊರತೆಯೆಂದು ಮತ್ತೆ ಪಾಠ ಶುರು ಮಾಡಬೇಡಿ. ಬಸ್ಸಿನ ತೊಂದರೆಯೇ, ಒಂದು ದಿನದ ಕೂಲಿಯೇ, ಆಸ್ಪತ್ರೆಯಲ್ಲಿ ಯಾರಾದರೂ ಗದರಿದರೇ, ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಆಕೆಯ ಪಾಲಿಗೆ ಏನು ಉಳಿಯುತ್ತದೆ ಎಂದು ಕೇಳಿ. ಊಟದ ಕೊರತೆಗೆ ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ಹೆಸರು ಇದೆಯೇ, ದಿನವೂ ಹೋಗುತ್ತಾಳೆಯೇ ನೋಡಿ. ನಡೆಯಲಾಗದಿದ್ದರೆ ಏನು ಮಾಡಬಹುದು ಎಂದು ಅಂಗನವಾಡಿ ಟೀಚರ್ ಜೊತೆ ಮಾತಾಡಿ. ಕೂಲಿ ತಪ್ಪುವುದಾದರೆ ತಪಾಸಣೆ, ರಕ್ತ ಪರೀಕ್ಷೆ, ಸ್ಕ್ಯಾನ್ ಮೂರೂ ಒಂದೇ ದಿನ ಆಗುವಂತೆ ಸಿಸ್ಟರ್ ಹತ್ತಿರ ದಿನ ಗೊತ್ತು ಮಾಡಿಸಿ. ಗದರಿದ್ದೇ ಕಾರಣವಾದರೆ ಮುಂದಿನ ಸಲ ನೀವೇ ಜೊತೆಗೆ ಹೋಗಿ, ಪ್ರಶ್ನೆಯನ್ನು ಮಾತ್ರ ಆಕೆಯೇ ಕೇಳಲಿ.